ನುಂಗದೆ ಬಿಟ್ಟ ಮಾತ್ರೆಯ ಋಣ

ನನಗೆ ಎಂಎಸ್ ಇದೆ ಅಂತ ಗೊತ್ತಾಗಿ ಈ ತಿಂಗಳಿಗೆ 10 ವರ್ಷ ತುಂಬಿತು. ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲಿನ ಮೈಲಿನ್ ಪದರ ಹಾಳಾಗುವ ಕಾಯಿಲೆ, ವೈರಿನ ಮೇಲಿನ ರಬ್ಬರ್ ಸುಲಿದ ಹಾಗೆ. ಇಷ್ಟು ವರ್ಷ ಕೈಹಿಡಿದವರು ತುಂಬಾ ಜನ. ಅವರಿಗೆಲ್ಲ ಮನೆಗೆ ಹೋಗಿಯೇ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದು ಬೇರೆ ಒಂದು ಋಣದ ಬಗ್ಗೆ.

ಸ್ವಲ್ಪ ಸಮಯದ ಹಿಂದೆ ನನ್ನ ಬಲಗಣ್ಣು ಮಂಜಾಯಿತು. ಆ ಕಣ್ಣಿಗೆ ಕುಂಕುಮ ಇಟ್ಟಿಗೆ ಪುಡಿಯ ಹಾಗೆ ಕಾಣುತ್ತಿತ್ತು. ಸ್ಟಿರಾಯ್ಡ್ ಡ್ರಿಪ್ ಹಾಕಿಸಿಕೊಂಡ ಮೇಲೆ ಸುಮಾರಾಗಿ ಸರಿಹೋಯಿತು, ಪೂರ್ತಿ ಅಲ್ಲ. ನಾನು ತೆಗೆದುಕೊಳ್ಳುವ ಔಷಧ ಹೊಸ ದಾಳಿ ತಡೆಯುತ್ತದೆ, ಹಾಳಾದ ಪದರವನ್ನು ಮತ್ತೆ ಕಟ್ಟುವುದಿಲ್ಲ. ಕಟ್ಟುವಂಥದ್ದು ಏನಾದರೂ ಇದೆಯಾ ಅಂತ ರಾತ್ರಿಯೆಲ್ಲ ಹುಡುಕಿದೆ. ಎರಡು ಹೆಸರು ಮತ್ತೆ ಮತ್ತೆ ಸಿಕ್ಕವು. ಒಂದು ಕ್ಲೆಮಾಸ್ಟಿನ್, ಅಲರ್ಜಿಗೆ ಕೊಡುವ ಹಳೇ ಮಾತ್ರೆ. ಇನ್ನೊಂದು ಮೆಟ್‌ಫಾರ್ಮಿನ್. ಅದು ನಮ್ಮ ಮನೆಯಲ್ಲೇ ಇತ್ತು, ಅತ್ತೆಯ ಶುಗರ್ ಮಾತ್ರೆ ಡಬ್ಬಿಯಲ್ಲಿ.

ಒಂದು ರಾತ್ರಿ ಆ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೆ. ಅತ್ತೆ ನೀರು ಕುಡಿಯೋಕೆ ಎದ್ದು ಬಂದರು. ಬೈಯಲಿಲ್ಲ. ಪಕ್ಕದಲ್ಲಿ ಕೂತರು. "ಇದನ್ನ ಶುರು ಮಾಡಿದಾಗ ಒಂದು ತಿಂಗಳು ನನ್ನ ಹೊಟ್ಟೆ ನೆಟ್ಟಗಿರಲಿಲ್ಲ ಕಣಮ್ಮ. ಒಂದ್ಸಲ ಡಾಕ್ಟರನ್ನ ಕೇಳು, ಆಮೇಲೆ ನೋಡೋಣ" ಅಂದರು. ಅತ್ತೆ, ಆ ರಾತ್ರಿಗೆ ಥ್ಯಾಂಕ್ಸ್.

ಡಾಕ್ಟರು "ಬೇಡ" ಅಂತ ಒಂದೇ ಮಾತಲ್ಲಿ ಕಳಿಸಬಹುದಿತ್ತು. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಆದರೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 50 ಜನರ ಮೇಲೆ ಕ್ಲೆಮಾಸ್ಟಿನ್ ಪರೀಕ್ಷೆ ನಡೆದಿತ್ತು, ಫಲಿತಾಂಶ ಬಂದದ್ದು 2017ರಲ್ಲಿ. ಕಣ್ಣಿನ ಸಂದೇಶ ಮೆದುಳಿಗೆ ತಲುಪುವ ಹೊತ್ತು 1.7 ಮಿಲಿಸೆಕೆಂಡ್ ಕಡಿಮೆಯಾಗಿತ್ತು. ನರ ರಿಪೇರಿ ಆಗಬಹುದು ಅನ್ನುವುದಕ್ಕೆ ಅದು ದೊಡ್ಡ ಸುಳಿವು. ಆದರೆ ಮಾತ್ರೆ ತೆಗೆದುಕೊಂಡವರಿಗೆ ಸುಸ್ತು ಜಾಸ್ತಿಯಾಗಿತ್ತು. ಆಮೇಲೆ ಕೇಳಿದರು, "ಈಗ ನಿಮಗೆ ಎಲ್ಲಕ್ಕಿಂತ ಕಷ್ಟ ಯಾವುದು?"

"ಸುಸ್ತು, ಸಾರ್."

ಹೇಳುತ್ತಿದ್ದ ಹಾಗೇ ನನಗೆ ಅರ್ಥವಾಯಿತು. ಆ 1.7 ಮಿಲಿಸೆಕೆಂಡಿನ ಲಾಭ ಅಳೆಯುವ ಮಿಷನ್ನಿಗೆ ಕಾಣುತ್ತದೆ. ಸುಸ್ತು ನನಗೆ, ದಿನಾ ಬೆಳಿಗ್ಗೆ ಮೆಟ್ಟಿಲ ಹತ್ತಿರ. ಜೊತೆಗೆ ಕ್ಲೆಮಾಸ್ಟಿನ್ ತರುವ ತೂಕಡಿಕೆ, ಬಾಯಿ ಒಣಗುವುದು, ಮೂತ್ರ ಕಟ್ಟುವುದು. ಎಂಎಸ್ ಇರುವ ಎಷ್ಟೋ ಜನಕ್ಕೆ ಮೂತ್ರದ ತೊಂದರೆ ಮೊದಲೇ ಇರುತ್ತದೆ. ಮೆಟ್‌ಫಾರ್ಮಿನ್ ತುಂಬಾ ಕಾಲ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದಂತೆ. ನಾವು ಸಸ್ಯಾಹಾರಿಗಳು. ನನ್ನ ಬಿ12 ನೋಡಿಸಿದಾಗ ಆಗಲೇ ಕಡಿಮೆ ಇತ್ತು! ಅದು ಕಡಿಮೆಯಾದರೂ ನರಕ್ಕೇ ಪೆಟ್ಟು. ಇಂಜೆಕ್ಷನ್ ಶುರುವಾಯಿತು. ಸುಮ್ನೆ ಮಾತ್ರೆ ನುಂಗಿದ್ದರೆ ಇದು ಯಾವಾಗ ಗೊತ್ತಾಗುತ್ತಿತ್ತೋ.

ನಾನು ಮುಖ್ಯವಾಗಿ ನೆನೆಯಬೇಕಾದವರು ಇನ್ನೂ ಇದ್ದಾರೆ. ಅವರನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಇದೇ ಆಸೆಯಿಂದ ಬ್ರಿಟನ್ನಿನ ಕೇಂಬ್ರಿಜ್, ಎಡಿನ್‌ಬರಾದಲ್ಲಿ ಬೆಕ್ಸಾರೋಟಿನ್ ಅನ್ನುವ ಕ್ಯಾನ್ಸರ್ ಔಷಧವನ್ನು ಪರೀಕ್ಷಿಸಿದರು. ಅದನ್ನು ತೆಗೆದುಕೊಂಡ 26 ಜನಕ್ಕೂ ಥೈರಾಯ್ಡ್ ಕುಸಿಯಿತು, 24 ಜನಕ್ಕೆ ರಕ್ತದಲ್ಲಿ ಕೊಬ್ಬು ಏರಿತು. ನರ ರಿಪೇರಿಯ ಸುಳಿವು ಸಿಕ್ಕರೂ ಆ ಔಷಧವನ್ನು ಅಲ್ಲಿಗೇ ಬಿಡಬೇಕಾಯಿತು. ಅಮೆರಿಕದ ಬೆಥೆಸ್ಡಾದಲ್ಲಿ, ಕಾಯಿಲೆ ನಿಧಾನವಾಗಿ ಏರುತ್ತಲೇ ಹೋಗುವವರಿಗೆ ಕ್ಲೆಮಾಸ್ಟಿನ್ ಕೊಟ್ಟಿದ್ದರು. 9 ಜನರಲ್ಲಿ 3 ಜನರ ಅಂಗವಿಕಲತೆ ಬೇಗ ಬೇಗ ಜಾಸ್ತಿಯಾಯಿತು. ಅಲ್ಲಿ ಅದನ್ನು ಕೊಡುವುದು ನಿಲ್ಲಿಸಿದರು.

ಆ 3 ಜನರನ್ನು ನಾನು ತುಂಬಾ ನೆನೆಯುತ್ತೇನೆ. ನನ್ನ ಹಾಗೇ ಆಸೆ ಇಟ್ಟುಕೊಂಡು ಬಂದವರು ಅಲ್ವಾ? ಅವರ ನಡಿಗೆ ಹೋಯಿತೋ, ಕೈಯ ಬಲ ಹೋಯಿತೋ. ಅವರು ಕಳೆದುಕೊಂಡದ್ದು ದಾಖಲಾಯಿತು. ನಮ್ಮ ಊರಿನ ಡಾಕ್ಟರಿಗೂ ತಲುಪಿತು. ಅದರಿಂದಲೇ ನಾನು ಕ್ಲೆಮಾಸ್ಟಿನ್ ಗೋಜಿಗೆ ಹೋಗಲಿಲ್ಲ, ಅತ್ತೆಯ ಡಬ್ಬಿಯನ್ನೂ ಮುಚ್ಚಿ ಇಟ್ಟೆ. ಅವರ ಮನೆಯವರಿಗೂ ನನ್ನ ನಮಸ್ಕಾರ.

ಆಸೆ ಬಿಟ್ಟಿಲ್ಲ. 2025ರಲ್ಲಿ ಕೇಂಬ್ರಿಜ್‌ನವರು ಕ್ಲೆಮಾಸ್ಟಿನ್, ಮೆಟ್‌ಫಾರ್ಮಿನ್ ಎರಡನ್ನೂ ಒಟ್ಟಿಗೆ ಕೊಟ್ಟ ಪರೀಕ್ಷೆಯ ಫಲಿತಾಂಶ ಹೇಳಿದರು. 70 ಜನ, ಆರು ತಿಂಗಳು. ಸಂದೇಶದ ವೇಗದಲ್ಲಿ ಸಣ್ಣ ಲಾಭ ಕಂಡಿತು, ದೃಷ್ಟಿಯಲ್ಲಿ ಕಾಣಲಿಲ್ಲ. ಸುಸ್ತು, ಭೇದಿ ಇದ್ದೇ ಇತ್ತು. ಅದನ್ನೆಲ್ಲ ಸಹಿಸಿ ಕೊನೆವರೆಗೂ ಇದ್ದವರಿಗೆ ಏನು ಹೇಳಲಿ? ಮುಂದೆ ಇದಕ್ಕಿಂತ ಹಗುರವಾದ ಮಾತ್ರೆ ಬಂದರೆ ಅದರಲ್ಲಿ ಅವರ ಪಾಲಿದೆ.

ಮುಂದಿನ ತಿಂಗಳು ನನ್ನ ಕಣ್ಣಿನ ನರದ ಪರೀಕ್ಷೆ ಇದೆ. ತಲೆಗೆ ವೈರ್ ಅಂಟಿಸಿ ಕಪ್ಪುಬಿಳಿ ಚೌಕ ತೋರಿಸುತ್ತಾರೆ. ಅತ್ತೆ ಜೊತೆಗೆ ಬರುತ್ತಾರೆ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬಾರದು ಅಂತ ಈಗಲೇ ಅವರಿಗೆ ಹೇಳಿಟ್ಟಿದ್ದೇನೆ.