ಶಾಖ ಕಂಡ ಮಾತ್ರಕ್ಕೆ ಅನ್ಯಲೋಕದವರೇ?

ಮಾನ್ಯ ಸಂಪಾದಕರೆ,

ಏಳು ನಕ್ಷತ್ರಗಳ ಸುತ್ತ ಅನ್ಯಲೋಕ ಜೀವಿಗಳ ಬೃಹತ್ ರಚನೆಗಳಿರಬಹುದು ಎಂಬ ವರದಿ ಅರ್ಧ ಸಂಗತಿಯನ್ನಷ್ಟೇ ಹೇಳಿದೆ. ನಕ್ಷತ್ರದ ಬೆಳಕನ್ನು ಹೀರುವ ರಚನೆ ಅದನ್ನು ಶಾಖವಾಗಿ ಹೊರಬಿಡಲೇಬೇಕು. ಅದರ ಉಷ್ಣತೆ 300 ಕೆಲ್ವಿನ್ (ಸುಮಾರು 27 ಡಿಗ್ರಿ ಸೆಲ್ಸಿಯಸ್) ಇದ್ದರೆ ವಿಕಿರಣ 10 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, ಗರಿಷ್ಠ. 2024ರಲ್ಲಿ ಸುಮಾರು 50 ಲಕ್ಷ ನಕ್ಷತ್ರಗಳನ್ನು ಜಾಲಾಡಿ ಈ ಏಳನ್ನು ಹೆಕ್ಕಿದ್ದು ಇಂಥ ಹೆಚ್ಚುವರಿ ಅವಕೆಂಪು ಹೊಳಪು ನೋಡಿಯೇ. ಆದರೆ ಈ ಹೊಳಪನ್ನು ಅಳೆದ ನಾಸಾದ ಅವಕೆಂಪು ಬಾಹ್ಯಾಕಾಶ ದೂರದರ್ಶಕ ವೈಸ್‌ನ 22 ಮೈಕ್ರಾನ್ ಚಿತ್ರಗಳ ಸ್ಪಷ್ಟತೆ 12 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 300ನೇ ಒಂದು ಭಾಗ) ಮಾತ್ರ; ಅದಕ್ಕಿಂತ ಹತ್ತಿರ ಕಾಣುವ ಎರಡು ಮೂಲಗಳು ಒಂದೇ ಆಗಿ ತೋರುತ್ತವೆ. ಹೀಗಾಗಿ ಹಿಂದೆ ಎಲ್ಲೋ ಇರುವ, ದೂಳು ಮುಸುಕಿದ ಗ್ಯಾಲಕ್ಸಿಯ ಶಾಖವೂ ನಕ್ಷತ್ರದ ಲೆಕ್ಕಕ್ಕೇ ಬೀಳುತ್ತದೆ, ಯಾರದೋ ಸಾಲ ನಮ್ಮ ಉತಾರಕ್ಕೆ ಏರಿದಂತೆ! ಅದೇ ವರ್ಷ ಮೂರು ನಕ್ಷತ್ರಗಳ ಪಕ್ಕದಲ್ಲಿ ರೇಡಿಯೊ ಮೂಲಗಳು ಕಂಡವು; ಇವು ಹಿನ್ನೆಲೆಯ ಗ್ಯಾಲಕ್ಸಿಗಳೇ ಇರಬಹುದಾದ್ದರಿಂದ ಈ ಅನುಮಾನ ಬಲಗೊಂಡಿತು. ನಕ್ಷತ್ರಗಳ ಸ್ಥಾನ ಅಳೆದ ಯುರೋಪಿನ ಬಾಹ್ಯಾಕಾಶ ದೂರದರ್ಶಕ ಗಯಾ ಮತ್ತು ವೈಸ್‌ನ ದತ್ತಾಂಶಗಳು ಉಚಿತ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಗಯಾದ ನಕ್ಷತ್ರ ಮತ್ತು ವೈಸ್‌ನ ಶಾಖದ ಮೂಲ ಒಂದೇ ಸ್ಥಾನದಲ್ಲಿವೆಯೇ ಎಂದು ತಾಳೆ ನೋಡುವುದನ್ನು ಭೌತವಿಜ್ಞಾನ ಪ್ರಾಜೆಕ್ಟ್ ಆಗಿ ಕೊಡಲಿ.

– ಭೌತವಿಜ್ಞಾನ ಉಪನ್ಯಾಸಕ, ವಿಜಯಪುರ