ಬೇಡ ಅಂದಾಗ ನಿಲ್ಲುವ ಕೈ

ತೀರ್ಥಹಳ್ಳಿ
ಗುರುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ನಿನ್ನೆ ರಾತ್ರಿಯೇ ಓದಿದೆ. "ದೊಡ್ಡಮ್ಮ, ಹೆರಿಗೆಯಾಗಿ ಐದು ತಿಂಗಳಾದ್ರೂ ಮಂಕು ಹೋಗಿಲ್ಲ. ಮೂರು ದಿನದ ಶಿಬಿರ, 28 ಸಾವಿರ. ಮೈಯಲ್ಲಿ ಕೂತಿರೋ ನೋವನ್ನೆಲ್ಲ ಹೊರಗೆ ಹಾಕಿಸ್ತಾರಂತೆ. ಹೋಗ್ಲಾ?" ಅಂತ ಕೇಳಿದ್ದೀಯ. ಎರಡು ಸಾಲಿನಲ್ಲಿ ಉತ್ತರ ಟೈಪ್ ಮಾಡಿ, ಅಳಿಸಿ, ಕೊನೆಗೆ ಕಾಗದ ತೆಗೆದುಕೊಂಡೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೋ.

ಅದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. 32 ವರ್ಷ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. "ಸಿಸ್ಟರ್, ನನಗೆ ಮನಸ್ಸಿಗೆ ಸರಿ ಇಲ್ಲ" ಅಂತ ಬಂದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. ಸೊಂಟ ಹಿಡಿದಿದೆ, ತಲೆ ಭಾರ, ಎದೆ ಡವಡವ, ಕೈಕಾಲು ಸೆಳೆತ ಅಂತಲೇ ಬರುತ್ತಿದ್ದರು. ನಮ್ಮ ಮಾತೇ ಹಾಗಿದೆ ಅಲ್ವಾ? ಸಂಕಟವಾದರೆ ಕರುಳು ಕಿವುಚುತ್ತದೆ, ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಹತ್ತುತ್ತದೆ. ದುಃಖ ಮೈಗೆ ಬರುತ್ತದೆ ಅಂತ ಹೇಳಿಕೊಡೋಕೆ ಯಾರೂ ದುಡ್ಡು ತೆಗೆದುಕೊಳ್ಳಬೇಕಾಗಿಲ್ಲ.

1986ರಲ್ಲಿ ನಿನ್ನ ಅಣ್ಣ ಹುಟ್ಟಿದಾಗ ನನಗೂ ಹೀಗೇ ಆಗಿತ್ತು. ಮಗು ಚೆನ್ನಾಗಿತ್ತು, ಹಾಲು ಚೆನ್ನಾಗಿತ್ತು, ನಾನು ಮಾತ್ರ ಬೆಳಗಿನ ಜಾವ ಎದ್ದು ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಅಮ್ಮ ಎಣ್ಣೆ ನೀರು ಹಾಕಲು ಪಕ್ಕದ ಕೇರಿಯ ಅಜ್ಜಿಯೊಬ್ಬಳನ್ನು ಕರೆಸಿದ್ದರು. ಬಚ್ಚಲಲ್ಲಿ ಹಂಡೆ ಕುದಿಯುತ್ತಿರುತ್ತಿತ್ತು. ನನ್ನನ್ನು ಮಣೆ ಮೇಲೆ ಕೂರಿಸಿ, ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡು ಪಾದದಿಂದ ಶುರು ಮಾಡುತ್ತಿದ್ದಳು. ಹೊಟ್ಟೆಗೆ ಬರುವ ಮೊದಲು ಕೈ ಎತ್ತಿ ಕೇಳುತ್ತಿದ್ದಳು: "ಇವತ್ತು ಹೊಟ್ಟೆಗೆ ಬೇಕಾ ಮಗಾ, ನಾಳೆ ನೋಡೋಣ್ವಾ?"

ಎಂಟು ದಿನ ಬೇಡ ಅಂದೆ. ಎಂಟು ದಿನವೂ ಕೇಳಿದಳು. ಒಂಬತ್ತನೇ ದಿನ ಹೂಂ ಅಂದೆ. ಆ ಕೈ ಹೊಕ್ಕುಳ ಹತ್ತಿರ ಬಂದದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಯಾಕೆ ಅಂತ ಅವಳು ಕೇಳಲಿಲ್ಲ. ಚೊಂಬಿನಲ್ಲಿ ನೀರು ತೋಡಿ ಬೆನ್ನಿಗೆ ಹೊಯ್ಯುತ್ತಾ ಹೋದಳು.

ಆಮೇಲಿನದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ದೊಡ್ಡಪ್ಪ ತೀರಿಕೊಂಡ ವರ್ಷ ಗೆಳತಿಯೊಬ್ಬಳು ಇಂಥದ್ದೇ ಒಂದು ಶಿಬಿರಕ್ಕೆ ಎಳೆದುಕೊಂಡು ಹೋಗಿದ್ದಳು. ಕಣ್ಣು ಮುಚ್ಚಿಸಿ, ಅರ್ಧ ಗಂಟೆ ಜೋರಾಗಿ ಉಸಿರು ಎಳೆಸಿ ಬಿಡಿಸಿದರು. ಆಮೇಲೆ ಒಬ್ಬರು ಬಂದು ನನ್ನ ಎದೆ ಒತ್ತಿ "ಕಿರುಚಿ, ಹೊರಗೆ ಹಾಕಿ" ಅಂದರು. ಬೇಡ ಅಂದೆ. "ಆ ಬೇಡ ಅನ್ನೋದೇ ನಿಮ್ಮ ಕಾಯಿಲೆ" ಅಂದರು! ಬಾಯಿ ಸುತ್ತ ಜುಮುಜುಮು, ಬೆರಳೆಲ್ಲ ಸೆಟೆದುಕೊಂಡವು. ಶಕ್ತಿ ಹರಿಯುತ್ತಿದೆಯಂತೆ. ನರ್ಸಿಗೆ ಗೊತ್ತಾಗದೇ ಇರುತ್ತಾ? ಉಸಿರು ಜಾಸ್ತಿ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಇಳಿದು ಬೆರಳು ಹಾಗೆ ಸೆಟೆಯುತ್ತವೆ. ಗೊತ್ತಿದ್ದೂ ಎದ್ದು ಬರಲಿಲ್ಲ. ಎಲ್ಲರೂ ಅಳುತ್ತಿದ್ದರು, ನಾನೂ ಅತ್ತೆ. ಮನೆಗೆ ಬಂದು ನಾಲ್ಕು ರಾತ್ರಿ ನಿದ್ದೆ ಇಲ್ಲ.

ಎರಡು ಕಡೆಯೂ ಮೈ ಮುಟ್ಟಿದರು, ಎರಡು ಕಡೆಯೂ ಅತ್ತೆ. ಒಂದು ಕಡೆ ನನ್ನ "ಬೇಡ"ಕ್ಕೆ ಬೆಲೆ ಇತ್ತು. ನಾನು ನಿನಗೆ ಹೇಳಬೇಕಾದದ್ದು ಇಷ್ಟೇ ಪುಟ್ಟಿ. ಇಷ್ಟಕ್ಕೇ ನೀನು ಸುಮ್ಮನಾಗುವುದಿಲ್ಲ ಅಂತ ಗೊತ್ತಿದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ.

ಅಮೆರಿಕದಲ್ಲಿ 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹಿಂಸೆ, ಆಘಾತ ಕಂಡು, ಅದರಿಂದ ಬರುವ ಮನಸ್ಸಿನ ಕಾಯಿಲೆ (ಪಿಟಿಎಸ್‌ಡಿ ಅನ್ನುತ್ತಾರೆ) ಚಿಕಿತ್ಸೆಯಿಂದಲೂ ಸುಧಾರಿಸದೇ ಉಳಿದ 64 ಹೆಂಗಸರು. ಅರ್ಧ ಜನಕ್ಕೆ ವಾರಕ್ಕೊಮ್ಮೆ ಹತ್ತು ವಾರ ಯೋಗ, ಉಳಿದವರಿಗೆ ಆರೋಗ್ಯದ ಪಾಠ. ಕೊನೆಗೆ ಯೋಗದ ಗುಂಪಿನಲ್ಲಿ ಅರ್ಧದಷ್ಟು ಜನರಿಗೆ ಆ ಕಾಯಿಲೆ ಇದೆ ಅನ್ನುವಷ್ಟು ಲಕ್ಷಣ ಉಳಿದಿರಲಿಲ್ಲ, ಇನ್ನೊಂದರಲ್ಲಿ ಐದರಲ್ಲೊಬ್ಬರಿಗೆ. 64 ಜನರ ಲೆಕ್ಕವನ್ನೇ ವೇದ ಮಾಡಿಕೊಳ್ಳುವುದು ಬೇಡ. ನನಗೆ ಇಷ್ಟವಾದದ್ದು ಅಂಥ ಯೋಗ ಹೇಳಿಕೊಡುವ ರೀತಿ. "ಬೇಕಿದ್ದರೆ ಕೈ ಎತ್ತಿ, ಬೇಡವಾದರೆ ಹಾಗೇ ಇರಿ" ಅನ್ನುತ್ತಾರೆ. ಭಂಗಿ ಸರಿಮಾಡೋಕೆ ಅಂತ ಮೈಮೇಲೆ ಕೈ ಹಾಕುವುದಿಲ್ಲ. ನಮ್ಮ ಬಚ್ಚಲಿನ ಅಜ್ಜಿ ಅದನ್ನು ಯಾವ ಕಾಲೇಜಿನಲ್ಲಿ ಕಲಿತಿದ್ದಳೋ!

ಈಗ ನಿನ್ನ ವಿಷಯ. ಹೆರಿಗೆಯಾದ ಮೊದಲ ವಾರದ ಅಳು ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ನಿನಗೆ ಹೆರಿಗೆಯಾಗಿ ಐದು ತಿಂಗಳಾಯಿತು. ಮೊದಲು ರಕ್ತ ಪರೀಕ್ಷೆ ಮಾಡಿಸು, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಎರಡೂ. ಹೆರಿಗೆ ಆದ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಏರುಪೇರಾಗಿ ಸುಸ್ತು, ಸಿಟ್ಟು, ಎದೆ ಬಡಿತ ಎಲ್ಲ ಬರುತ್ತದೆ. ಅದನ್ನು ಯಾವ ಮಸಾಜೂ ಇಳಿಸುವುದಿಲ್ಲ. ಎಡಿನ್‌ಬರೋ ಪ್ರಶ್ನೆ ಹಾಳೆ ಅಂತ ಒಂದಿದೆ, ಬಾಣಂತಿಯ ಮನಸ್ಸು ಕುಗ್ಗಿದೆಯಾ ಅಂತ ತಿಳಿಯೋಕೆ, 1987ರದ್ದು, ಹತ್ತೇ ಪ್ರಶ್ನೆ, ಕನ್ನಡದಲ್ಲೂ ಇದೆ. ಡಾಕ್ಟರ ಹತ್ತಿರ ಕೇಳಿ ತುಂಬು. ಹತ್ತನೇ ಪ್ರಶ್ನೆ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ. ಅಲ್ಲಿ ಅಮ್ಮ ಏನಂದಾಳು, ಅಳಿಯಂದ್ರು ಏನಂದಾರು ಅಂತ ನೋಡಬೇಡ, ಇದ್ದದ್ದು ಬರಿ. ಹೂಂ ಅನ್ನುವುದಾದರೆ ಅವತ್ತೇ ಫೋನು ಮಾಡು, ನನಗೂ, 14416ಕ್ಕೂ. ಅದು ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಂತೂ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ವಾರ್ಡೇ ಇದೆ. ನಮ್ಮ ಕಾಲದಲ್ಲಿ ಬಾಣಂತಿ ಸನ್ನಿ ಅಂತ ಹೊಗೆ ಹಾಕಿ, ತಾಯತ ಕಟ್ಟಿ ಕೂರಿಸುತ್ತಿದ್ದರು. ಅಂಥವರಲ್ಲಿ ಇಬ್ಬರನ್ನು ನಾನು ಇನ್ನೂ ಮರೆತಿಲ್ಲ.

ಇನ್ನೊಂದು, ನೀನು ಬರೆಯದೇ ಬಿಟ್ಟದ್ದು. ಕೆಮ್ಮಿದಾಗ, ನಕ್ಕಾಗ ಬಟ್ಟೆ ಒದ್ದೆಯಾಗುತ್ತಾ? ಹೋದ ತಿಂಗಳು ನಾಮಕರಣದಲ್ಲಿ ನೀನು ಸೀನು ತಡೆದು ಕಾಲು ಜೋಡಿಸಿ ನಿಂತದ್ದು ನೋಡಿದೆ. ಎಷ್ಟೋ ಹೆಂಗಸರು ಇದೊಂದಕ್ಕೇ ಮದುವೆ ಮನೆಗೆ ಹೋಗುವುದು ಬಿಟ್ಟು, ಮನೆಯೊಳಗೇ ಕೂತು, ಮಂಕಾಗಿಬಿಡುತ್ತಾರೆ. ಅದಕ್ಕೆ ವ್ಯಾಯಾಮ ಇದೆ. ಕೀಗಲ್ ಅನ್ನುವ ಡಾಕ್ಟರು 1948ರಲ್ಲೇ ಬರೆದಿಟ್ಟದ್ದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು. ಸರಿಯಾದ ಸ್ನಾಯು ಯಾವುದು ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ಸಲ ಕಲಿತುಕೋ. ಹಗುರವಾಗಲು ತಿಂಗಳುಗಳೇ ಬೇಕು, ಎರಡು ದಿನ ಮಾಡಿ ಬಿಡಬೇಡ. 28 ಸಾವಿರದ ಜಾಗಕ್ಕಿಂತ ಅಲ್ಲಿ ನಿನ್ನ ಮೈ ಜಾಸ್ತಿ ನಿನ್ನದಾಗುತ್ತದೆ ಅಂತ ನನಗನ್ನಿಸುತ್ತದೆ.

ರಾತ್ರಿ ಮಗು ಎಬ್ಬಿಸಿ ನಿದ್ದೆ ಹಾರಿಹೋದಾಗ ಪಾದ ಎರಡೂ ನೆಲಕ್ಕೆ ಊರಿ ಕೂತುಕೋ. ಉಸಿರು ಸುಮ್ನೆ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡು. ಉಸಿರು ಬಿಡುವಾಗ ಎದೆ ಬಡಿತ ತಾನಾಗಿ ಇಳಿಯುತ್ತದೆ. ಐದು ನಿಮಿಷ ಸಾಕು. ಕಪಾಲಭಾತಿ, ಹೊಟ್ಟೆ ಕುಕ್ಕುವ ಆಟ ಎಲ್ಲ ಈಗ ಬೇಡ, ಸಿಸೇರಿಯನ್ ಆಗಿದೆ.

ಶಿಬಿರಕ್ಕೆ ಹೋಗಲೇಬೇಕು ಅನ್ನಿಸಿದರೆ ದುಡ್ಡು ಕಟ್ಟುವ ಮೊದಲು ಫೋನು ಮಾಡಿ ಕೇಳು. ಮುಟ್ಟುವ ಮೊದಲು ಕೇಳ್ತೀರಾ? ಮಧ್ಯದಲ್ಲಿ ಎದ್ದು ಹೋದರೆ ಏನಂತೀರಾ? ನೀವು ಓದಿದ್ದೇನು, ಎಲ್ಲಿ? ಡಾಕ್ಟರ ಮಾತ್ರೆ ಬಿಡಬೇಕು ಅಂದರೆ ಅಲ್ಲಿಗೇ ಫೋನು ಇಡು.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಗಾಣದ ಕೊಬ್ಬರಿ ಎಣ್ಣೆ ಒಂದು ಬಾಟಲಿ ತೆಗೆದಿಟ್ಟಿದ್ದೇನೆ. ಬೆನ್ನಿಗೆ ಹಚ್ಚಲಾ ಅಂತ ಕೇಳುತ್ತೇನೆ. ಬೇಡ ಅಂದರೆ ಹಪ್ಪಳ ಕರಿಯೋಣ.

ನಿನ್ನ
ದೊಡ್ಡಮ್ಮ