ಸಿಗರೇಟ್ ಬಿಟ್ಟು ಇವತ್ತಿಗೆ ಒಂದು ವರ್ಷ, ಇದು ನನ್ನೊಬ್ಬನ ವಿಲ್ ಪವರ್ ಅಲ್ಲ

ಬೆಳಿಗ್ಗೆಯಿಂದ ಎಲ್ರೂ ಫೋನ್ ಮಾಡಿ "ನಿನ್ನ ವಿಲ್ ಪವರ್ ಮೆಚ್ಚಬೇಕಪ್ಪ" ಅಂತಿದಾರೆ, ಖುಷಿ ಆಗತ್ತೆ, ಆದ್ರೆ ಅದು ನಿಜ ಅಲ್ಲ, ಅದಕ್ಕೇ ಇದನ್ನ ಬರೀತಿದೀನಿ. 19 ವರ್ಷ ಸೇದಿದೀನಿ, ದಿನಕ್ಕೊಂದು ಪ್ಯಾಕ್. ಬರೀ ಹಠ ನಂಬ್ಕೊಂಡು 4 ಸಲ ಬಿಟ್ಟಿದ್ದೆ, ನಾಲ್ಕು ಸಲಾನೂ ಒಂದು ವಾರ ದಾಟಿಲ್ಲ. ಈ ಸಲ ದಾಟಿದ್ದು ಜೊತೇಲಿ ಜನ ಇದ್ದಿದ್ದಕ್ಕೆ.

ಮೊದಲು ಥ್ಯಾಂಕ್ಸ್ ನಮ್ಮ ಡಾಕ್ಟ್ರಿಗೆ. ಎರಡು ಮಹಡಿ ಮೆಟ್ಟಿಲು ಹತ್ತಿದ್ರೆ ಉಸಿರು ಸಿಕ್ಕಾಕೊಳ್ತಿತ್ತು ಅಂತ ಹೋಗಿದ್ದೆ, ಬೈತಾರೆ ಅಂತ ರೆಡಿಯಾಗೇ ಹೋಗಿದ್ದೆ. ಅವರು ಕೇಳಿದ್ದು ಒಂದೇ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇ ಸಿಗರೇಟ್ ಹಚ್ತೀರ? ಐದು ನಿಮಿಷದೊಳಗೆ ಅಂದೆ. ಆವಾಗ ಕೂರಿಸ್ಕೊಂಡು ಹೇಳಿದ್ರು, ಹೊಗೆ ಎಳೆದ 10-20 ಸೆಕೆಂಡಲ್ಲಿ ನಿಕೋಟಿನ್ ಮೆದುಳಿಗೆ ಹೋಗತ್ತೆ, ರಾತ್ರಿ ಮಲಗಿದಾಗ ರಕ್ತದಲ್ಲಿ ಅದು ಇಳಿದಿರತ್ತೆ, ಎದ್ದ ತಕ್ಷಣ ಬೇಕು ಅನ್ನಿಸಿದ್ರೆ ಚಟ ಮೈಯಲ್ಲಿ ಗಟ್ಟಿಯಾಗಿ ಕೂತಿದೆ ಅಂತ ಅರ್ಥ, ನೀವು ದುರ್ಬಲ ಅಂತ ಅಲ್ಲ. ಇಷ್ಟು ವರ್ಷದಲ್ಲಿ ಈ ಮಾತನ್ನ ಯಾರೂ ನನಗೆ ಹೇಳಿರ್ಲಿಲ್ಲ.

ಚರ್ಮಕ್ಕೆ ಅಂಟಿಸ್ಕೊಳೋ ನಿಕೋಟಿನ್ ಪ್ಯಾಚ್ ಹಾಕ್ಕೊಳಿ ಅಂದಾಗ ಅದೂ ನಿಕೋಟಿನ್ ತಾನೆ ಸಾರ್ ಅಂತ ವಾದ ಮಾಡಿದ್ದೆ. ಚಟ ಹತ್ತಿಸೋದು ನಿಕೋಟಿನ್, ಆದ್ರೆ ಕೊಲ್ಲೋದು ಮುಖ್ಯವಾಗಿ ಹೊಗೆ ಅಂದ್ರು, ಆ ಹೊಗೇಲಿ 7000ಕ್ಕೂ ಹೆಚ್ಚು ರಾಸಾಯನಿಕ ಇವೆಯಂತೆ, ಅದ್ರಲ್ಲಿ ಸುಮಾರು 70 ಕ್ಯಾನ್ಸರ್ ತರೋವು, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಬೇರೆ. ದಿನವಿಡೀ ಪ್ಯಾಚ್, ತಡ್ಕೊಳೋಕಾಗದೇ ಹೋದಾಗ 4 ಮಿಲಿಗ್ರಾಂ ನಿಕೋಟಿನ್ ಗಮ್, ಎರಡೂ ಸೇರಿಸಿ ಕೊಟ್ರು. ಗಮ್ ಹೇಗೆ ಅಗೀಬೇಕು ಅಂತ ತೋರಿಸಿದ್ದಕ್ಕೆ ಬೇರೆಯಾಗೇ ಥ್ಯಾಂಕ್ಸ್ ಹೇಳ್ಬೇಕು, ಯಾಕಂದ್ರೆ ಹಿಂದೆ ಒಂದ್ಸಲ ನಾನೇ ತಂದು ಮಾಮೂಲಿ ಚೂಯಿಂಗ್ ಗಮ್ ಥರ ಅಗಿದು ಬಿಕ್ಕಳಿಕೆ ಬಂದು ಇದು ಕೆಲ್ಸ ಮಾಡಲ್ಲ ಅಂತ ಎಸೆದಿದ್ದೆ. ನಿಧಾನಕ್ಕೆ ಅಗೀಬೇಕು, ಬಾಯಿ ಚುರುಚುರು ಅಂದ ತಕ್ಷಣ ನಿಲ್ಲಿಸಿ ಕೆನ್ನೆಗೂ ವಸಡಿಗೂ ಮಧ್ಯ ಇಟ್ಕೋಬೇಕು, ಚುರುಚುರು ಹೋದ್ಮೇಲೆ ಮತ್ತೆ ಅಗೀಬೇಕು, ನಿಕೋಟಿನ್ ಬಾಯಿಯ ಒಳಪದರದಿಂದಾನೇ ಮೈಗೆ ಸೇರೋದು. ಗಮ್ ಹಾಕೋ 15 ನಿಮಿಷ ಮೊದಲು ಕಾಫಿ, ಜ್ಯೂಸ್ ಏನೂ ಕುಡೀಬಾರ್ದು. ಬಿಡೋಕೆ ಮಾತ್ರೆಗಳೂ ಇವೆ, ನನಗೆ ಅವು ಬೇಕಾಗ್ಲಿಲ್ಲ, ಯಾರಿಗೆ ಯಾವ್ದು ಅಂತ ಡಾಕ್ಟ್ರನ್ನೇ ಕೇಳಿ.

ಇನ್ನು ನನ್ನ ಹೆಂಡ್ತಿ. ಮೊದಲ ಮೂರು ದಿನ ಏನಿತ್ತು ಅಂತ ಅವಳಿಗೇ ಗೊತ್ತು. ನಿದ್ದೆ ಇಲ್ಲ, ತಲೆನೋವು, ಬಾಗಿಲು ಜೋರಾಗಿ ಹಾಕಿದ್ರೂ ಸಿಟ್ಟು. ಎರಡನೇ ದಿನ ಸಣ್ಣ ವಿಷ್ಯಕ್ಕೆ ಕೂಗಾಡಿಬಿಟ್ಟೆ, ಅವಳು ತಿರುಗಿ ಒಂದು ಮಾತಾಡ್ಲಿಲ್ಲ, ಚಪ್ಪಲಿ ಹಾಕ್ಕೊಂಡು "ಬನ್ನಿ, ನಡ್ಕೊಂಡು ಬರೋಣ" ಅಂದ್ಳು. ಆಮೇಲೆ ಮೂರು ವಾರ ಹಾಗೇ, ದಿನಾ ರಾತ್ರಿ ನಡೆದ್ವಿ. ಆ ಕೂಗಾಟಕ್ಕೆ ಇಲ್ಲೂ ಎಲ್ರ ಮುಂದೆ ಕ್ಷಮೆ ಕೇಳ್ತೀನಿ.

ಮಗಳಿಗೆ ಥ್ಯಾಂಕ್ಸಿಗಿಂತ ಮೊದಲು ಕ್ಷಮೆ ಕೇಳ್ಬೇಕು. ಅವಳಿಗೆ ಆಸ್ತಮಾ. ಬಾಲ್ಕನಿಗೆ ಹೋಗಿ ಸೇದ್ತೀನಲ್ಲ, ಅವಳಿಗೇನೂ ಆಗಲ್ಲ ಅಂತ ವರ್ಷಗಟ್ಲೆ ನನಗೆ ನಾನೇ ಹೇಳ್ಕೊಂಡಿದ್ದೆ, ಆದ್ರೆ ಬಾಗಿಲ ಸಂದಿಯಿಂದ ಹೊಗೆ ಒಳಗೆ ಬರತ್ತೆ, ಬಟ್ಟೇಲಿ ಕೂದ್ಲಲ್ಲಿ ಅಂಟ್ಕೊಂಡು ಬರತ್ತೆ. ತಂಬಾಕಿನಿಂದ ಪ್ರಪಂಚದಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯ್ತಾರೆ, ಅದ್ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ತಾವು ಸೇದದೇ ಬೇರೆಯವರ ಹೊಗೆ ಕುಡಿದು ಸಾಯೋರು. ಆ ಲೆಕ್ಕ ಓದಿದ ದಿನ ಅವಳ ಇನ್ಹೇಲರ್ ನೋಡ್ಕೊಂಡು ತುಂಬ ಹೊತ್ತು ಕೂತಿದ್ದೆ.

ತಂಬಾಕು ಬಿಡೋರಿಗೆ ಇರೋ ಸಹಾಯವಾಣೀಲಿ ಮಾತಾಡಿದ ಆ ಮೇಡಂ ಯಾರು ಅಂತ ನನಗೆ ಗೊತ್ತಿಲ್ಲ, ಮುಖ ನೋಡಿಲ್ಲ. ಐದನೇ ವಾರ ಒಂದು ಮೀಟಿಂಗ್ ಕೆಟ್ಟೋಗಿ ಹೊರಗೆ ಬಂದವನು ಯಾರದ್ದೋ ಕೈಯಿಂದ ಒಂದು ಇಸ್ಕೊಂಡು ಸೇದಿಬಿಟ್ಟೆ. ಎಲ್ಲಾ ಮುಗೀತು, ಪೂರ್ತಿ ಪ್ಯಾಕ್ ತಗೊಂಬಿಡೋಣ ಅನ್ನಿಸಿತ್ತು, ಹೇಗೋ ಫೋನ್ ಮಾಡ್ದೆ. ಅವರು "ಜಾರಿದ್ರಿ ಅಷ್ಟೆ, ಬಿದ್ದಿಲ್ಲ, ಆ ಹೊತ್ತಲ್ಲಿ ಎಲ್ಲಿದ್ರಿ, ಯಾರ ಜೊತೆ ಇದ್ರಿ ಹೇಳಿ" ಅಂದ್ರು. ಮೀಟಿಂಗ್ ಮುಗಿದ ಮೇಲಿನ ಹತ್ತು ನಿಮಿಷಾನೇ ನನಗೆ ಅಪಾಯ ಅಂತ ಗೊತ್ತಾಗಿದ್ದು ಅವತ್ತು. ಆಸೆ ಬಂದ್ರೆ ಜೋರಾಗಿರೋದು ಕೆಲವೇ ನಿಮಿಷ, ಅಷ್ಟು ಹೊತ್ತು ಜಾಗ ಬದಲಾಯಿಸಿ, ನೀರು ಕುಡೀರಿ ಅಂದ್ರು. ಕಾಫಿ ಕಮ್ಮಿ ಮಾಡಿ ಅಂತಾನೂ ಅವರೇ ಹೇಳಿದ್ದು, ಸಿಗರೇಟ್ ಹೊಗೆ ಕೆಫೀನನ್ನ ಮೈಯಿಂದ ಬೇಗ ಖಾಲಿ ಮಾಡಿಸ್ತಿರತ್ತಂತೆ, ಬಿಟ್ಮೇಲೆ ಅದೇ ಎರಡು ಕಪ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯತ್ತೆ, ನನ್ನ ನಿದ್ದೆ ಕೆಡ್ತಿದ್ದಕ್ಕೆ ಅರ್ಧ ಕಾರಣ ಅದು ಅನ್ನಿಸತ್ತೆ, ಕಪ್ ಕಮ್ಮಿ ಮಾಡಿದ ವಾರದಲ್ಲೇ ಸರಿಹೋಯ್ತು.

ಬಿಟ್ಟ ಹೊಸದ್ರಲ್ಲಿ ಕೆಮ್ಮು ಜಾಸ್ತಿ ಆಗಿ ಹೆದರಿದ್ದೆ. ಹೊಗೆಗೆ ಮಂಕಾಗಿದ್ದ ಶ್ವಾಸನಾಳದ ಸಣ್ಣ ಕೂದಲೆಳೆಗಳು ಮತ್ತೆ ಕೆಲ್ಸ ಶುರು ಮಾಡಿ ಕಫ ಹೊರಗೆ ತಳ್ತಿವೆ ಅಂತ ಡಾಕ್ಟ್ರು ಸಮಾಧಾನ ಮಾಡಿದ್ರು. ಶ್ವಾಸಕೋಶದಲ್ಲಿ ಹಾಳಾಗಿರೋ ಗಾಳಿಚೀಲ ವಾಪಸ್ ಬರಲ್ಲ ಅಂತಾನೂ ಮುಚ್ಚುಮರೆ ಇಲ್ದೆ ಹೇಳಿದ್ರು. ಆದ್ರೆ ಬಿಟ್ಟ ಒಂದು ವರ್ಷಕ್ಕೆ ಹೃದಯದ ಕಾಯಿಲೆಯ ಅಪಾಯದಲ್ಲಿ ಸೇದೋದ್ರಿಂದ ಬಂದಿದ್ದ ಭಾಗ ಸುಮಾರು ಅರ್ಧಕ್ಕೆ ಇಳಿಯತ್ತಂತೆ, ಮೊನ್ನೆ ಎರಡು ಮಹಡಿ ನಿಲ್ದೆ ಹತ್ತಿದೆ.

ಕೊನೇಲಿ ಭಾವ. ಅವರು ಬಿಟ್ಟು ಆರು ವರ್ಷ ಆಗಿದೆ, "ರಾತ್ರಿ ಎಷ್ಟು ಹೊತ್ತಾದ್ರೂ ಸರಿ, ಹಚ್ಚೋಕೆ ಮುಂಚೆ ನನಗೆ ಫೋನ್ ಮಾಡು" ಅಂದಿದ್ರು, 11 ಸಲ ಮಾಡಿದೀನಿ, ಹನ್ನೊಂದು ಸಲಾನೂ ಎತ್ತಿದಾರೆ, ಒಂದ್ಸಲ ಬೆಳಗಿನ ಜಾವ 2 ಗಂಟೆ. ನನ್ನ ಜೊತೆ ವರ್ಷಗಟ್ಲೆ ಸೇದಿದ ಗೆಳೆಯ ಇದನ್ನ ಓದೇ ಓದ್ತಾನೆ ಅಂತ ಗೊತ್ತು. ಲೋ, ನೀನು ಯಾವತ್ತು ಬಿಡ್ಬೇಕು ಅಂದ್ಕೊಂಡ್ರೂ ಸರಿ, ನನ್ನ ಫೋನ್ ಇನ್ಮೇಲೆ ರಾತ್ರಿ ಸೈಲೆಂಟಲ್ಲಿ ಇರಲ್ಲ.